ಅಡಗಿದ ಹಲ್ಲು ಯಾವ ಬದಿಗಿದೆ?

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಈ ಗಾದೆಯನ್ನು ಕಟ್ಟಿದ ಹಿರಿಯರು ಲೆಕ್ಕಕ್ಕೆ ಹಿಡಿಯದ ಮೂರನೆಯ ಸ್ಥಿತಿಯೊಂದುಂಟು. ಕಡಲೆಯೂ ಇದೆ, ಹಲ್ಲೂ ಇದೆ. ಆದರೆ ಆ ಹಲ್ಲು ದವಡೆಯ ಎಲುಬಿನೊಳಗೆ ಅಡಗಿ ಕುಳಿತಿದೆ, ಹೊರಗೆ ಬರಲೊಲ್ಲದು!

ಹನ್ನೆರಡು ಹದಿಮೂರು ವರ್ಷದ ಮಗುವಿನಲ್ಲಿ ಇದು ಸಾಮಾನ್ಯವಾಗಿ ಬೆಳಕಿಗೆ ಬರುತ್ತದೆ. ಒಂದು ಕಡೆಯ ಕೋರೆಹಲ್ಲು ಬಂದಿರುತ್ತದೆ, ಇನ್ನೊಂದು ಕಡೆ ಹಾಲುಹಲ್ಲೇ ಇನ್ನೂ ಜಾಗ ಬಿಡದೆ ನಿಂತಿರುತ್ತದೆ. ದಂತವೈದ್ಯರು ಎಕ್ಸ್‌ರೇ ತೆಗೆದು, ‘ಹಲ್ಲು ಒಳಗೇ ಇದೆ, ಓರೆಯಾಗಿ ಮಲಗಿದೆ’ ಎನ್ನುತ್ತಾರೆ. ಹಲ್ಲು ಹುಟ್ಟಿಯೇ ಇಲ್ಲವೇನೋ ಎಂದು ಹೆದರಿದ್ದ ತಾಯಿತಂದೆಗಳಿಗೆ ಅಷ್ಟರಿಂದಲೇ ಸಮಾಧಾನ. ಆದರೆ ವೈದ್ಯರ ನಿಜವಾದ ಚಿಂತೆ ಅಲ್ಲಿಂದ ಮುಂದೆ ಆರಂಭವಾಗುತ್ತದೆ. ಒಳಗಿದೆ ಸರಿ, ಯಾವ ಬದಿಗೆ? ಬಾಚಿಹಲ್ಲುಗಳ ಬೇರಿನ ಮುಂದೆ, ತುಟಿಯ ಕಡೆಗಿದೆಯೋ, ಅಥವಾ ಹಿಂದೆ, ಅಂಗುಳದ ಕಡೆಗಿದೆಯೋ?

ಇದು ಪಂಡಿತರ ಜಿಜ್ಞಾಸೆಯಲ್ಲ. ತುಟಿಯ ಕಡೆಗಿದ್ದರೆ ಮುಂದಿನಿಂದ ವಸಡನ್ನು ಬಿಡಿಸಬೇಕು, ಅಂಗುಳದ ಕಡೆಗಿದ್ದರೆ ಬಾಯಿಯ ಮೇಲ್ಛಾವಣಿಯನ್ನು ಬಿಡಿಸಬೇಕು. ತಪ್ಪು ಬದಿಯಲ್ಲಿ ಕತ್ತಿ ಆಡಿಸಿದರೆ ಎಲುಬನ್ನು ಸುಮ್ಮನೆ ಕೊರೆದಂತಾಯಿತು. ನಡುವೆ ನಿಂತಿರುವ ಒಳ್ಳೆಯ ಬಾಚಿಹಲ್ಲಿನ ಬೇರಿಗೆ ಪೆಟ್ಟಾದರೂ ಆದೀತು. ಆಮೇಲೆ ಅದೇ ಮಗುವಿನ ಬಾಯಿಯನ್ನು ಇನ್ನೊಂದು ಕಡೆಯಿಂದ ಮತ್ತೆ ತೆರೆಯಬೇಕಾದೀತು. ಹಾಗೆಂದು ಕೈಬಿಡುವಂತೆಯೂ ಇಲ್ಲ. ಅಡಗಿದ ಕೋರೆಹಲ್ಲು ಕೆಲವೊಮ್ಮೆ ನೆರೆಯ ಬಾಚಿಹಲ್ಲಿನ ಬೇರನ್ನು ಒಳಗಿಂದೊಳಗೇ ಸವೆಸಿಬಿಡುತ್ತದೆ, ಅದೂ ನೋವಿಲ್ಲದೆ, ಸುಳಿವು ಕೊಡದೆ.

ಎಕ್ಸ್‌ರೇ ಚಿತ್ರವನ್ನೇ ನೋಡಿ ಹೇಳಬಹುದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹೇಳಲಾಗದು. ಒಂದು ಚಿತ್ರ ಅದನ್ನು ಹೇಳುವುದಿಲ್ಲ. ಹೇಳುವಂತೆ ಮಾಡಿದ ಉಪಾಯದ ಚರಿತ್ರೆಯೇ ಈ ಲೇಖನದ ವಿಷಯ.

ಮೊದಲು ಕೋರೆಹಲ್ಲಿಗೇ ಏಕೆ ಈ ಗತಿ ಎಂಬುದನ್ನು ನೋಡೋಣ. ಬುದ್ಧಿಹಲ್ಲನ್ನು (ನಮ್ಮ ಮುಂಬಯಿ, ಪುಣೆಯ ನೆರೆಹೊರೆಯವರು ಅಕ್ಕಲ್‌ದಾಢ್ ಎನ್ನುವುದನ್ನು) ಬಿಟ್ಟರೆ ದವಡೆಯೊಳಗೆ ಸಿಕ್ಕಿಬೀಳುವ ಹಲ್ಲುಗಳಲ್ಲಿ ಮೇಲಿನ ಕೋರೆಹಲ್ಲಿಗೇ ಅಗ್ರಸ್ಥಾನ. ಸುಮಾರು ನೂರಕ್ಕೆ ಇಬ್ಬರಲ್ಲಿ ಹೀಗಾಗುತ್ತದೆ. ಕಾರಣ, ಅದರ ಪ್ರಯಾಣ ಬಲು ದೂರದ್ದು. ಮಗು ಹುಟ್ಟಿ ನಾಲ್ಕೈದು ತಿಂಗಳಿಗೇ ಈ ಹಲ್ಲು ಎಲುಬಿನೊಳಗೆ ಗಟ್ಟಿಯಾಗತೊಡಗುತ್ತದೆ. ಆ ಜಾಗ ಮೂಗಿನ ಪಕ್ಕದಲ್ಲಿ, ಕಣ್ಣುಗುಳಿಯ ಕೆಳಗೆ. ಇಂಗ್ಲಿಷಿನಲ್ಲಿ ಇದನ್ನು ‘ಕಣ್ಣಿನ ಹಲ್ಲು’ ಎಂದು ಕರೆಯುತ್ತಾರೆ. ಅಲ್ಲಿಂದ ಇಳಿದು ವಸಡಿನ ಅಂಚಿಗೆ ಬರಲು ಅದಕ್ಕೆ ಹನ್ನೊಂದು ಹನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲುಗಳೆಲ್ಲ ಬಂದು ಸೀಟು ಹಿಡಿದುಬಿಟ್ಟಿರುತ್ತವೆ. ತಡವಾಗಿ ಬಂದವನಿಗೆ ಲೋಕಲ್ ಗಾಡಿಯಲ್ಲಿ ಆಗುವ ಅನುಭವವೇ ಕೋರೆಹಲ್ಲಿಗೂ ಆಗುತ್ತದೆ. ದಾರಿ ತಪ್ಪಿದ್ದು ಹೆಚ್ಚಾಗಿ ಅಂಗುಳದ ಕಡೆಗೆ ತಿರುಗುತ್ತದೆ, ಕೆಲವು ತುಟಿಯ ಕಡೆಗೆ. ಹೆಚ್ಚಾಗಿ ಎಂದರೆ ಯಾವಾಗಲೂ ಎಂದಲ್ಲ, ಎಡವುವುದು ಅಲ್ಲಿಯೇ. ಅನುಭವಿ ವೈದ್ಯರು ಮೊದಲು ಬೆರಳಿನಿಂದ ವಸಡನ್ನು ಒತ್ತಿ ಉಬ್ಬು ಸಿಗುವುದೇ ಎಂದು ನೋಡುತ್ತಾರೆ. ಹಲ್ಲು ಮೇಲೆಯೇ ಆಳದಲ್ಲಿದ್ದರೆ ಬೆರಳಿಗೆ ಏನೂ ತಿಳಿಯದು. ೧೮೯೫ರವರೆಗೆ ಬೆರಳನ್ನು ಬಿಟ್ಟರೆ ಬೇರೆ ಗತಿ ಇರಲಿಲ್ಲ.

ಆ ವರ್ಷ ನವೆಂಬರ್ ೮ರಂದು ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಂಟ್ಜನ್ ಎಂಬ ಭೌತವಿಜ್ಞಾನಿ ಹೊಸದೊಂದು ಕಿರಣವನ್ನು ಕಂಡನು. ಅದರ ಸ್ವಭಾವ ತಿಳಿಯದ್ದರಿಂದ ಗಣಿತದವರು ಅಜ್ಞಾತಕ್ಕೆ ಇಡುವ ಹೆಸರನ್ನೇ ಇಟ್ಟನು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಕ್ಷ-ಕಿರಣವಾಯಿತು. ಡಿಸೆಂಬರ್ ೨೨ರಂದು ತನ್ನ ಹೆಂಡತಿಯ ಕೈಯ ಚಿತ್ರವನ್ನು ತೆಗೆದನು. ಎಲುಬುಗಳೂ ಬೆರಳಿನ ಉಂಗುರವೂ ಅದರಲ್ಲಿ ಮೂಡಿದ್ದವು. ಡಿಸೆಂಬರ್ ೨೮ಕ್ಕೆ ಲೇಖನವನ್ನು ಸಲ್ಲಿಸಿದನು. ೧೯೦೧ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ ಆತನಿಗೇ ಬಂದಿತು. ಪೇಟೆಂಟು ಮಾಡಿಸಿ ಹಣ ಗಳಿಸುವ ಗೋಜಿಗೆ ಆತ ಹೋಗಲಿಲ್ಲ. ಅದರಿಂದಾಗಿಯೇ ಕಿರಣ ಕೆಲವೇ ವಾರಗಳಲ್ಲಿ ಊರೂರಿನ ವೈದ್ಯರ ಕೈಗೆ ಹೋಯಿತು ಎಂದರೆ ತಪ್ಪಲ್ಲ.

ಹಲ್ಲಿನ ವೈದ್ಯರು ಈ ಓಟದಲ್ಲಿ ಹಿಂದುಳಿಯಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ೧೮೯೬ರ ಜನವರಿಯಲ್ಲೇ, ಅಂದರೆ ಪ್ರಕಟಣೆಯ ಎರಡು ಮೂರು ವಾರಗಳೊಳಗೆ, ಬ್ರೌನ್‌ಶ್ವೈಗ್ ನಗರದ ದಂತವೈದ್ಯ ಓಟೋ ವಾಲ್ಕಾಫ್ ತನ್ನ ಬಾಯಿಯದೇ ಚಿತ್ರವನ್ನು ತೆಗೆಸಿಕೊಂಡನು. ಗಾಜಿನ ಫೋಟೋ ಫಲಕದ ತುಂಡನ್ನು ಕಪ್ಪು ಕಾಗದದಲ್ಲೂ ರಬ್ಬರಿನಲ್ಲೂ ಸುತ್ತಿ ಬಾಯಿಯೊಳಗೆ ಇಟ್ಟುಕೊಂಡು, ಅಲುಗಾಡದೆ ಇಪ್ಪತ್ತೈದು ನಿಮಿಷ ನೆಲದ ಮೇಲೆ ಮಲಗಿದ್ದನಂತೆ. ಅದೊಂದು ಚಿತ್ರಹಿಂಸೆಯಾಗಿತ್ತೆಂದು ಆತನೇ ಹೇಳಿಕೊಂಡಿದ್ದಾನೆ. ಇಂದು ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುವ ಕೆಲಸಕ್ಕೆ ಮಕ್ಕಳು ಹಟ ಮಾಡುವಾಗ ಈ ಮಹಾಶಯನ ಕಥೆಯನ್ನು ಹೇಳಬಹುದು. ಅದೇ ವರ್ಷ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಫ್ರಾಂಕ್ ಹ್ಯಾರಿಸನ್, ನ್ಯೂಯಾರ್ಕಿನಲ್ಲಿ ವಿಲಿಯಂ ಮಾರ್ಟನ್ ಹಲ್ಲುಗಳ ಚಿತ್ರ ತೆಗೆದರು. ಅಮೆರಿಕದ ದಕ್ಷಿಣದಲ್ಲಿರುವ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ಯಂತ್ರವನ್ನು ತಾನೇ ಹೊಂದಿಸಿಕೊಂಡು, ಜುಲೈ ತಿಂಗಳಲ್ಲಿ ಆಶ್‌ವಿಲ್ ಎಂಬಲ್ಲಿ ಸೇರಿದ್ದ ದಂತವೈದ್ಯರ ಸಭೆಯಲ್ಲಿ ಅದನ್ನು ಪ್ರದರ್ಶಿಸಿದನು. ಈ ಕೆಲ್ಸ್‌ನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅವನ ಕಡೆಗೆ ಮತ್ತೆ ಬರುವುದಿದೆ.

ಹೀಗೆ ಅಡಗಿದ್ದದ್ದು ಕಾಣತೊಡಗಿತು. ಆದರೆ ಕಂಡದ್ದು ಏನು? ನೆರಳು. ಕ್ಯಾಮೆರಾದ ಫೋಟೋದಲ್ಲಿ ಮುಂದಿರುವವನು ಹಿಂದಿರುವವನನ್ನು ಮರೆಮಾಡುವುದರಿಂದ ಯಾರು ಮುಂದೆ, ಯಾರು ಹಿಂದೆ ಎಂಬುದು ತಿಳಿಯುತ್ತದೆ. ಎಕ್ಸ್‌ರೇ ಫೋಟೋವಲ್ಲ. ಕಿರಣ ಎಲ್ಲವನ್ನೂ ತೂರಿಕೊಂಡು ಹೋಗಿ, ದಾರಿಯಲ್ಲಿ ಸಿಕ್ಕಿದ ಗಟ್ಟಿ ಪದಾರ್ಥಗಳ ನೆರಳುಗಳನ್ನು ಒಂದರ ಮೇಲೊಂದು ಹೊರಿಸಿಬಿಡುತ್ತದೆ. ದೀಪದ ಮುಂದೆ ಎರಡು ಕೈಗಳನ್ನು ಹಿಂದೆ ಮುಂದೆ ಹಿಡಿದರೆ ಗೋಡೆಯ ಮೇಲೆ ಬೀಳುವುದು ಕಲಸಿಹೋದ ಒಂದೇ ನೆರಳು. ಯಾವ ಕೈ ಮುಂದಿತ್ತೆಂದು ಗೋಡೆಯನ್ನು ನೋಡಿ ಹೇಳುವುದು ಹೇಗೆ? ತೊಗಲುಗೊಂಬೆಯಾಟದ ಪರದೆಯ ಈಚೆ ಕುಳಿತವರ ಅವಸ್ಥೆಯೇ ಎಕ್ಸ್‌ರೇ ನೋಡುವ ವೈದ್ಯರದೂ ಆಗಿತ್ತು. ಉದ್ದ ಅಗಲಗಳು ಸಿಕ್ಕವು, ಆಳ ಸಿಗಲಿಲ್ಲ.

ಈ ಕೊರತೆಯ ಬಿಸಿ ಮೊದಲು ತಟ್ಟಿದ್ದು ದಂತವೈದ್ಯರಿಗಲ್ಲ. ಸೂಜಿ, ಗುಂಡು, ಲೋಹದ ಚೂರುಗಳನ್ನು ಹುಡುಕುವ ಶಸ್ತ್ರವೈದ್ಯರಿಗೆ. ೧೮೯೬ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಹಾಲ್-ಎಡ್ವರ್ಡ್ಸ್ ಒಬ್ಬರ ಕೈಯೊಳಗೆ ಮುರಿದುಳಿದ ಸೂಜಿಯನ್ನು ಎಕ್ಸ್‌ರೇಯಲ್ಲಿ ಕಂಡನು. ಕೈ ತೆಳ್ಳಗಿನ ಅಂಗ, ಅಲ್ಲಿ ಹೇಗೋ ನಡೆಯಿತು. ತೊಡೆಯಲ್ಲಿ ಹೊಕ್ಕ ಗುಂಡು? ಕಣ್ಣಿನಲ್ಲಿ ಹೊಕ್ಕ ಉಕ್ಕಿನ ಚೂರು? ಸ್ಕಾಟ್ಲೆಂಡಿನ ಆಬರ್ಡೀನ್ ನಗರದಲ್ಲಿ ಕಣ್ಣಿನ ವೈದ್ಯನಾಗಿದ್ದು, ಆಮೇಲೆ ಲಂಡನ್ನಿಗೆ ಹೋದ ಜೇಮ್ಸ್ ಮೆಕೆಂಜಿ ಡೇವಿಡ್ಸನ್ ಇದಕ್ಕೊಂದು ದಾರಿ ತೆಗೆದನು. ೧೮೯೮ರಲ್ಲಿ ಆತ ಪ್ರಕಟಿಸಿದ ಕ್ರಮ ಹೀಗಿತ್ತು: ರೋಗಿ ಅಲುಗಾಡಬಾರದು, ಫಲಕವೂ ಅಲುಗಾಡಬಾರದು, ಕಿರಣದ ಟ್ಯೂಬನ್ನು ಮಾತ್ರ ಒಂದು ಗೊತ್ತಾದ ಅಂತರಕ್ಕೆ ಸರಿಸಿ ಎರಡು ಬಾರಿ ಚಿತ್ರ ತೆಗೆಯಬೇಕು. ಗುಂಡಿನ ನೆರಳು ಎರಡು ಕಡೆ ಬೀಳುತ್ತದೆ. ಅನಂತರ ಟ್ಯೂಬು ಇದ್ದ ಎರಡು ಜಾಗಗಳಿಂದ ಆ ಎರಡು ನೆರಳುಗಳಿಗೆ ದಾರ ಎಳೆಯಬೇಕು. ದಾರಗಳು ಎಲ್ಲಿ ಅಡ್ಡ ಹಾಯುತ್ತವೆಯೋ ಅಲ್ಲಿ ಗುಂಡು! ಹೊಲದ ಮೂಲೆಯಲ್ಲಿ ದಾರ ಹಿಡಿದು ಅಳತೆ ಮಾಡುವ ನಮ್ಮ ರೈತನಿಗೂ ಅರ್ಥವಾಗುವ ರೇಖಾಗಣಿತ.

ಎಕ್ಸ್‌ರೇ ಯಂತ್ರ ಯುದ್ಧಕ್ಕೆ ಹೋದ ಮೊದಮೊದಲ ಪ್ರಸಂಗಗಳಲ್ಲಿ ಒಂದು ಆಗಿನ ಹಿಂದೂಸ್ತಾನದ ವಾಯವ್ಯ ಗಡಿಯಲ್ಲಿ ನಡೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ೧೮೯೭-೯೮ರ ತೀರಾ ದಂಡಯಾತ್ರೆಯಲ್ಲಿ ಸರ್ಜನ್ ಮೇಜರ್ ಬೀವರ್ ಎಂಬಾತ ಯಂತ್ರವನ್ನು ಗುಡ್ಡಗಾಡಿಗೆ ಸಾಗಿಸಿ, ಗಾಯಾಳುಗಳ ಮೈಯಲ್ಲಿ ಗುಂಡುಗಳನ್ನು ಹುಡುಕಿದನು. ಗಾಜಿನ ಟ್ಯೂಬನ್ನು ಒಡೆಯದಂತೆ ಆ ಘಟ್ಟಗಳಲ್ಲಿ ಸಾಗಿಸಿದವರ ಪಾಡನ್ನು ಯಾರೂ ಬರೆದಿಟ್ಟಂತೆ ತೋರದು. ಇತಿಹಾಸ ಯಾವಾಗಲೂ ಹೊರೆ ಹೊತ್ತವರನ್ನು ಬಿಟ್ಟು ಹೊರಿಸಿದವರ ಹೆಸರನ್ನೇ ಹೇಳುತ್ತದೆ.

ದಾರದ ಕ್ರಮ ಚೆನ್ನಾಗಿಯೇ ಇತ್ತು. ಆದರೆ ಬಾಯಿಯೊಳಗೆ ಅಷ್ಟೆಲ್ಲ ಅಳತೆ, ಸ್ಟ್ಯಾಂಡು, ದಾರ ಎಂದು ಕಟ್ಟುತ್ತ ಕೂರುವುದು ಆಗದ ಮಾತು. ಅಲ್ಲದೆ ದಂತವೈದ್ಯರಿಗೆ ಬೇಕಾದದ್ದು ಎಷ್ಟು ಮಿಲಿಮೀಟರ್ ಎಂಬ ಲೆಕ್ಕವಲ್ಲ. ಮುಂದೋ ಹಿಂದೋ, ಅಷ್ಟು ತಿಳಿದರೆ ಸಾಕು. ಇದನ್ನು ಮನಗಂಡು ಸರಳ ಮಾಡಿದವನು ಲಂಡನ್ನಿನ ಸಿ. ಎ. ಕ್ಲಾರ್ಕ್. ೧೯೦೯-೧೦ರ ಸಾಲಿನಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆಯ ದಂತ ವಿಭಾಗದ ಮುಂದೆ, ಹೊರಬಾರದ ಹಲ್ಲುಗಳು ಯಾವ ಕಡೆಗಿವೆ ಎಂಬುದನ್ನು ಫಿಲ್ಮುಗಳಿಂದ ತಿಳಿಯುವ ಬಗೆಯನ್ನು ಆತ ಮಂಡಿಸಿದನು. ಕೆಲವೇ ಪುಟಗಳ ಪ್ರಬಂಧ. ಹೊಸ ಯಂತ್ರವಿಲ್ಲ, ಹೊಸ ಕಿರಣವಿಲ್ಲ. ಮೆಕೆಂಜಿ ಡೇವಿಡ್ಸನ್ ಮಾಡಿದಂತೆ ಟ್ಯೂಬನ್ನು ಸರಿಸಿ ಎರಡು ಚಿತ್ರ ತೆಗೆಯಬೇಕು. ಆದರೆ ಅಳೆಯುವ ಬದಲು, ಅಡಗಿದ ಹಲ್ಲಿನ ನೆರಳು ಪಕ್ಕದ ಹಲ್ಲಿನ ಬೇರಿಗೆ ಹೋಲಿಸಿದರೆ ಯಾವ ದಿಕ್ಕಿಗೆ ಸರಿಯಿತು ಎಂದು ನೋಡಿದರೆ ಮುಗಿಯಿತು.

ಸರಿಯುವ ದಿಕ್ಕಿನಲ್ಲಿ ಅಂಥ ಗುಟ್ಟೇನಿದೆ ಎಂದರೆ, ಅದು ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆಲ್ಲ ಗೊತ್ತಿರುವ ಗುಟ್ಟು. ರಜೆಗೆ ಊರಿಗೆ ಹೊರಟು ಪುಣೆ ದಾಟಿ ಮಿರಜಿನ ಕಡೆಗೆ ಸಾಗುವಾಗ ಹಳಿಯ ಪಕ್ಕದ ತಂತಿಕಂಬಗಳು ಹಿಂದಕ್ಕೆ ಓಡುತ್ತವೆ. ದೂರದ ಗುಡ್ಡ ಮಾತ್ರ ನಮ್ಮೊಂದಿಗೇ ಬರುವಂತೆ ತೋರುತ್ತದೆ. ಚಂದ್ರನಂತೂ ಹುಬ್ಬಳ್ಳಿಯವರೆಗೂ ಬಿಡದೆ ಬರುತ್ತಾನೆ; ಅವನಿಗೂ ಟಿಕೆಟು ತೆಗೆಸಿದ್ದೀರಾ ಎಂದು ಕೇಳದ ಮಗು ಇಲ್ಲ. ನಾವು ಸರಿದರೆ ಹತ್ತಿರದ್ದು ಎದುರು ದಿಕ್ಕಿಗೆ, ದೂರದ್ದು ನಮ್ಮ ದಿಕ್ಕಿಗೆ. ದವಡೆಯಲ್ಲಿ ನಡೆಯುವುದೂ ಇದೇ. ಟ್ಯೂಬು ಕೆನ್ನೆಯ ಹೊರಗಿದೆ, ಫಿಲ್ಮು ಬಾಯಿಯ ಒಳಗಿದೆ. ತುಟಿ ಕೆನ್ನೆಗಳ ಕಡೆಗಿರುವ ವಸ್ತು ಟ್ಯೂಬಿಗೆ ಹತ್ತಿರ, ಅದು ತಂತಿಕಂಬ. ನಾಲಗೆ ಅಂಗುಳಗಳ ಕಡೆಗಿರುವುದು ಟ್ಯೂಬಿಗೆ ದೂರ, ಅದು ಚಂದ್ರ. ಟ್ಯೂಬನ್ನು ಕಿವಿಯ ಕಡೆಗೆ ಸರಿಸಿ ಎರಡನೆಯ ಚಿತ್ರ ತೆಗೆದಾಗ ಅಡಗಿದ ಕೋರೆಹಲ್ಲಿನ ನೆರಳೂ ಬಾಚಿಹಲ್ಲಿನ ಬೇರಿಗಿಂತ ಕಿವಿಯ ಕಡೆಗೆ ಸರಿದಿದ್ದರೆ ಹಲ್ಲು ಅಂಗುಳದಲ್ಲಿದೆ. ಮೂಗಿನ ಕಡೆಗೆ ಸರಿದಿದ್ದರೆ ತುಟಿಯ ಕಡೆಗಿದೆ. ಸರಿಯದೆ ಅಲ್ಲೇ ನಿಂತಿದ್ದರೆ, ಬಾಚಿಹಲ್ಲಿನ ಸಾಲಿನಲ್ಲೇ ಇದೆ.

ನಂಬಿಕೆ ಬರದಿದ್ದವರು ಈಗಲೇ ಪರೀಕ್ಷಿಸಿ ನೋಡಬಹುದು. ಒಂದು ಕಣ್ಣು ಮುಚ್ಚಿ, ಎರಡೂ ಕೈಗಳ ತೋರುಬೆರಳುಗಳನ್ನು ಒಂದರ ಹಿಂದೆ ಒಂದು, ಹಿಂದಿನದು ಕಾಣದಂತೆ ಹಿಡಿಯಿರಿ. ತಲೆಯನ್ನು ಬಲಕ್ಕೆ ಸ್ವಲ್ಪ ಸರಿಸಿ. ಹಿಂದಿನ ಬೆರಳು ಬಲಗಡೆ ಇಣುಕುತ್ತದೆ. ಇಷ್ಟೇ ಕ್ಲಾರ್ಕನ ವಿದ್ಯೆ. ಜರ್ಮನಿಯ ಬೆಸೆಲ್ ೧೮೩೮ರಲ್ಲಿ ಒಂದು ನಕ್ಷತ್ರದ ದೂರವನ್ನು ಕಂಡುಹಿಡಿದದ್ದೂ ಇದೇ ತತ್ತ್ವದಿಂದ; ಆತನಿಗೆ ತಲೆ ಸರಿಸುವ ಬದಲು ಭೂಮಿಯೇ ಆರು ತಿಂಗಳಿಗೊಮ್ಮೆ ಸೂರ್ಯನ ಆಚೆ ಬದಿಗೆ ಸರಿದುಕೊಟ್ಟಿತು. ನಕ್ಷತ್ರಕ್ಕೂ ಕೋರೆಹಲ್ಲಿಗೂ ಒಂದೇ ಕೋಲು!

ಇಂಗ್ಲಿಷ್ ಪಠ್ಯಗಳಲ್ಲಿ ಇದನ್ನು ನೆನಪಿಡಲು ನಾಲ್ಕು ಅಕ್ಷರ ಜೋಡಿಸಿ ‘ಸ್ಲಾಬ್’ ಎಂದು ಕಲಿಸುತ್ತಾರೆ. ಆ ಭಾಷೆಯಲ್ಲಿ ಆ ಮಾತಿಗೆ ಕೊಳಕ, ಸೋಮಾರಿ ಎಂದರ್ಥ. ಕನ್ನಡದಲ್ಲಿ ಇನ್ನೂ ಮರ್ಯಾದೆಯಾಗಿ ಹೇಳಬಹುದು: ಒಳಗಿನದು ಒಡನೆ, ಹೊರಗಿನದು ಎದುರು. ನಮ್ಮ ದಂತ ಕಾಲೇಜುಗಳ ಮೇಷ್ಟರು ಯಾರಾದರೂ ಇದನ್ನು ಬಳಸಿದರೆ ಈ ಲೇಖಕನ ಅಡ್ಡಿಯಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಇದೆ. ಎಡ ಬಲಗಳು ಅದಲು ಬದಲಾದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕಾಗಿಯೇ ಹಲ್ಲಿನ ಫಿಲ್ಮಿನ ಮೂಲೆಯಲ್ಲಿ ಸಣ್ಣದೊಂದು ಉಬ್ಬು ಚುಕ್ಕೆ ಇರುತ್ತದೆ. ಉಬ್ಬಿದ ಮುಖ ಟ್ಯೂಬಿನ ಕಡೆಗಿದ್ದದ್ದು. ಫಿಲ್ಮಿನ ಹಿಂಬದಿಗೆ ಸೀಸದ ತೆಳುಹಾಳೆಯೂ ಇರುತ್ತದೆ; ಯಾರಾದರೂ ಪೊಟ್ಟಣವನ್ನು ತಿರುವುಮುರುವಾಗಿ ಬಾಯಿಗೆ ಇಟ್ಟರೆ ಆ ಹಾಳೆಯ ಅಚ್ಚಿನ ಗುರುತು ಚಿತ್ರದ ಮೇಲೆ ಬಿದ್ದು ತಪ್ಪನ್ನು ಸಾರಿಬಿಡುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮು ಮನೆಯ ಕಡತದಲ್ಲಿದ್ದರೆ ಬೆರಳಿನಿಂದ ಸವರಿ ನೋಡಿ, ಚುಕ್ಕೆ ಸಿಕ್ಕುತ್ತದೆ. ಕ್ಲಾರ್ಕನ ದಿನಗಳಲ್ಲಿ ವೈದ್ಯರು ಫಿಲ್ಮನ್ನು ತಾವೇ ಕತ್ತರಿಸಿ ಕಪ್ಪು ಕಾಗದದಲ್ಲಿ ಸುತ್ತಿಕೊಳ್ಳುತ್ತಿದ್ದರು. ಈಸ್ಟ್‌ಮನ್ ಕೊಡ್ಯಾಕ್ ಕಂಪನಿಯ ಸಿದ್ಧ ಪೊಟ್ಟಣಗಳು ಬಂದದ್ದು ೧೯೧೩ರಲ್ಲಿ. ಅದೇ ವರ್ಷ ಅಮೆರಿಕದ ಕೂಲಿಡ್ಜ್ ನಂಬಿಕೆಗೆ ಅರ್ಹವಾದ ಹೊಸ ಟ್ಯೂಬನ್ನೂ ಮಾಡಿದನು.

ಚಿತ್ರದಲ್ಲಿ ಹಲ್ಲು ಉದ್ದವಾಗಿಯೋ ಗಿಡ್ಡವಾಗಿಯೋ ಕಾಣದಂತೆ ಟ್ಯೂಬನ್ನು ಯಾವ ಓರೆಯಲ್ಲಿ ಹಿಡಿಯಬೇಕೆಂಬ ನಿಯಮವನ್ನು ೧೯೦೭ರಲ್ಲಿ ಹೇಳಿದವನು ಪೋಲೆಂಡಿನ ಆಂತೊನಿ ಚೆಶಿನ್‌ಸ್ಕಿ. ಮುಂದೆ ಆತ ಲ್ವೂಫ್ ನಗರದಲ್ಲಿ ಪ್ರಾಧ್ಯಾಪಕನಾದನು. ೧೯೪೧ರ ಜುಲೈಯಲ್ಲಿ ನಾಜಿಗಳು ಆ ನಗರವನ್ನು ಹಿಡಿದ ಕೂಡಲೇ ಅಲ್ಲಿಯ ಪ್ರಾಧ್ಯಾಪಕರನ್ನು ಮನೆಗಳಿಂದ ಎಳೆದೊಯ್ದು ಗುಂಡಿಟ್ಟು ಕೊಂದರು. ಕೊಲೆಯಾದವರಲ್ಲಿ ಚೆಶಿನ್‌ಸ್ಕಿಯೂ ಒಬ್ಬ.

ಕ್ಲಾರ್ಕನ ಉಪಾಯವನ್ನು ಅಡ್ಡಡ್ಡ ಸರಿಸುವುದರಿಂದ ಮೇಲೆ ಕೆಳಗೆ ಸರಿಸುವುದಕ್ಕೂ ವಿಸ್ತರಿಸಿದವರಲ್ಲಿ ಅಮೆರಿಕದ ಆಲ್ಬರ್ಟ್ ರಿಚರ್ಡ್ಸ್ ಮುಖ್ಯನು. ೧೯೫೦ರ ದಶಕದ ಆರಂಭದಲ್ಲಿ ಆತ ತೆಗೆದುಕೊಂಡ ಪ್ರಶ್ನೆ ಕೆಳದವಡೆಯ ಬುದ್ಧಿಹಲ್ಲಿನದು. ಕೆಳದವಡೆಯ ಎಲುಬಿನೊಳಗೆ ಒಂದು ಕೊಳವೆಯಿದ್ದು, ಅದರಲ್ಲಿ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವ ನರ ಹಾಯುತ್ತದೆ. ಬುದ್ಧಿಹಲ್ಲಿನ ಬೇರು ಎಷ್ಟೋ ಸಲ ಇದರ ಪಕ್ಕದಲ್ಲೇ ಇಳಿದಿರುತ್ತದೆ. ನರ ಬೇರಿನ ಕೆನ್ನೆ ಬದಿಗಿದೆಯೋ ನಾಲಗೆ ಬದಿಗಿದೆಯೋ ತಿಳಿಯದೆ ಹಲ್ಲನ್ನು ಕಿತ್ತು ನರಕ್ಕೆ ಪೆಟ್ಟು ಬಿದ್ದರೆ ತುಟಿ ಜೋಮು ಹಿಡಿಯುತ್ತದೆ. ಚಹಾ ಗದ್ದದ ಮೇಲೆ ಇಳಿದರೂ ಗೊತ್ತಾಗದು, ಕ್ಷೌರದ ಬ್ಲೇಡು ತಾಗಿದರೂ ಗೊತ್ತಾಗದು. ಅನೇಕರಲ್ಲಿ ಕೆಲವು ತಿಂಗಳಿಗೆ ಸರಿಹೋಗುತ್ತದೆ, ಕೆಲವರಲ್ಲಿ ಜೀವಮಾನ ಪೂರ್ತಿ ಹಾಗೆಯೇ. ಟ್ಯೂಬನ್ನು ಕೆಳಗಿಳಿಸಿ ಎರಡನೆಯ ಚಿತ್ರ ತೆಗೆದಾಗ ಕೊಳವೆಯ ನೆರಳು ಬೇರಿಗಿಂತ ಕೆಳಗಿಳಿದರೆ ಅದು ನಾಲಗೆಯ ಬದಿ, ಮೇಲೇರಿದರೆ ಕೆನ್ನೆಯ ಬದಿ. ನಿಯಮ ಅದೇ, ದಿಕ್ಕು ಮಾತ್ರ ಬೇರೆ. ಮುರಿದುಳಿದ ಇಂಜೆಕ್ಷನ್ ಸೂಜಿಗೆ, ಕೀಳುವಾಗ ತುಂಡಾದ ಬೇರಿಗೆ, ಬಾಚಿಹಲ್ಲುಗಳ ನಡುವೆ ಹುಟ್ಟುವ ಹೆಚ್ಚುವರಿ ಹಲ್ಲಿಗೆ ಎಲ್ಲಕ್ಕೂ ಇದು ನಡೆಯುತ್ತದೆ. ಹಲ್ಲಿನ ಬೇರಿನ ನಾಳಕ್ಕೆ ಚಿಕಿತ್ಸೆ ಮಾಡುವವರು ಒಂದರ ಮೇಲೊಂದು ಬಿದ್ದ ಎರಡು ಬೇರುಗಳ ನೆರಳನ್ನು ಬಿಡಿಸಲು ದಿನಬೆಳಗಾದರೆ ಇದನ್ನೇ ಮಾಡುತ್ತಾರೆ.

ಈಗ ಕೆಲ್ಸ್‌ನ ಕಡೆಗೆ ಬರೋಣ. ಆತ ಅಸಾಧಾರಣ ಬುದ್ಧಿಯವನು. ತನ್ನ ಚಿಕಿತ್ಸಾಲಯದಲ್ಲಿ ೧೮೮೫ರಷ್ಟು ಹಿಂದೆಯೇ ಮಹಿಳಾ ಸಹಾಯಕಿಯನ್ನು ನೇಮಿಸಿಕೊಂಡವನು. ೧೮೯೯ರಲ್ಲಿ ಹಲ್ಲಿನ ಬೇರಿನೊಳಗೆ ಸೀಸದ ತಂತಿ ಇಳಿಸಿ, ಎಕ್ಸ್‌ರೇಯಲ್ಲಿ ಅದರ ತುದಿಯನ್ನು ನೋಡಿ, ಬೇರಿನ ಉದ್ದವನ್ನು ಅಳೆದವನು. ಆದರೆ ಆಗಿನ ಟ್ಯೂಬುಗಳು ಒಂದೊಂದು ದಿನ ಒಂದೊಂದು ರೀತಿ. ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ತಿಳಿಯಲು ಪ್ರತಿಯೊಬ್ಬ ರೋಗಿಗೂ ಮೊದಲು ಆತ ತನ್ನ ಕೈಯನ್ನೇ ಟ್ಯೂಬಿನ ಎದುರು ಹಿಡಿದು ಎಲುಬು ಸ್ಪಷ್ಟವಾಗಿ ಕಾಣುವವರೆಗೆ ಹೊಂದಿಸುತ್ತಿದ್ದನು. ವರ್ಷಗಟ್ಟಲೆ, ದಿನದಿನವೂ. ಕಿರಣ ಆಗ ಸುಡುವಂತೆ ಕಾಣಲಿಲ್ಲ. ಆಮೇಲೆ ಕೈಗೆ ಹುಣ್ಣು ಬಂತು, ಹುಣ್ಣು ಅರ್ಬುದವಾಯಿತು. ಶಸ್ತ್ರಕ್ರಿಯೆಯ ಮೇಲೆ ಶಸ್ತ್ರಕ್ರಿಯೆ. ಮೊದಲು ಬೆರಳುಗಳು ಹೋದವು, ಆಮೇಲೆ ಕೈ, ಆಮೇಲೆ ತೋಳು. ೧೯೨೮ರ ಮೇ ೭ರಂದು ಆತ ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡನು. ಸೂಜಿಯನ್ನು ಕಂಡ ಬರ್ಮಿಂಗ್‌ಹ್ಯಾಮಿನ ಹಾಲ್-ಎಡ್ವರ್ಡ್ಸ್‌ನ ಎಡತೋಳನ್ನು ೧೯೦೮ರಲ್ಲೇ ಕತ್ತರಿಸಬೇಕಾಗಿ ಬಂದಿತ್ತು.

ಇದೆಲ್ಲ ತಿಳಿಯದೆ ಆದದ್ದು ಎಂದು ಪೂರ್ತಿಯಾಗಿ ಹೇಳಲಾಗದು. ಬಾಸ್ಟನ್ ನಗರದ ವಿಲಿಯಂ ರಾಲಿನ್ಸ್, ಈತನೂ ದಂತವೈದ್ಯನೇ, ೧೯೦೧ರಲ್ಲಿ ಗಿನಿಯಿಲಿಗಳನ್ನು ಕ್ಷ-ಕಿರಣಕ್ಕೆ ಒಡ್ಡಿ ಅವು ಸಾಯುವುದನ್ನು ತೋರಿಸಿದ್ದನು. ಟ್ಯೂಬನ್ನು ಸೀಸದ ಪೆಟ್ಟಿಗೆಯಲ್ಲಿ ಮುಚ್ಚಿರಿ, ಕಣ್ಣಿಗೆ ಕಿರಣ ತೂರದ ಕನ್ನಡಕ ಹಾಕಿರಿ, ಬೇಕಾದ ಜಾಗದ ಮೇಲೆ ಮಾತ್ರ ಕಿರಣ ಬಿಡಿರಿ, ಉಳಿದದ್ದನ್ನು ಮರೆಮಾಡಿರಿ ಎಂದು ಮತ್ತೆ ಮತ್ತೆ ಬರೆದನು. ಕೇಳಿದವರು ಕಡಿಮೆ. ಇಂದು ಎಲ್ಲ ದೇಶಗಳ ನಿಯಮಾವಳಿಗಳಲ್ಲಿ ಇರುವುದು ಹೆಚ್ಚುಕಡಿಮೆ ರಾಲಿನ್ಸನ ಮಾತುಗಳೇ. ನಮ್ಮಲ್ಲಿ ೧೯೮೩ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಮುಂಬಯಿಯ ಅಣುಶಕ್ತಿನಗರದಲ್ಲಿ ಕುಳಿತು, ಹಲ್ಲಿನ ಎಕ್ಸ್‌ರೇ ಯಂತ್ರಗಳ ಮೇಲೂ ಕಣ್ಣಿಡುತ್ತದೆ.

ಆಳವನ್ನು ಹುಡುಕುವ ಹೊಸ ಸಾಧನಗಳು ಆಮೇಲೆ ಬಂದವು. ಫಿನ್ಲೆಂಡಿನ ಪಾತೆರೊ ೧೯೪೦ರ ದಶಕದ ಕೊನೆಯಿಂದ ದುಡಿದು, ಟ್ಯೂಬೂ ಫಿಲ್ಮೂ ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಪಟ್ಟಿಯಲ್ಲಿ ಮೂಡಿಸುವ ಯಂತ್ರವನ್ನು ತಯಾರಿಸಿದನು. ದೊಡ್ಡ ಚಿತ್ರ ನಿಜ, ಆದರೆ ಅದೂ ನೆರಳೇ; ಆಳದ ಪ್ರಶ್ನೆಗೆ ಅದರ ಜತೆ ಇನ್ನೊಂದು ಓರೆಯಿಂದ ತೆಗೆದ ಚಿತ್ರ ಬೇಕೇಬೇಕು. ಲಂಡನ್ನಿನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರಚಿಸಿದ ಸಿ.ಟಿ. ಯಂತ್ರದಲ್ಲಿ ೧೯೭೧ರ ಅಕ್ಟೋಬರಿನಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಿದರು. ೧೯೭೯ರಲ್ಲಿ ಆತನಿಗೂ ಅಲನ್ ಕಾರ್ಮ್ಯಾಕನಿಗೂ ನೊಬೆಲ್ ಬಂದಿತು. ಯೋಚಿಸಿ ನೋಡಿದರೆ ಸಿ.ಟಿ. ಎಂದರೆ ಕ್ಲಾರ್ಕನ ಎರಡು ಚಿತ್ರಗಳ ಬದಲು ಸುತ್ತಲಿಂದ ತೆಗೆದ ನೂರಾರು ನೆರಳುಗಳನ್ನು ಗಣಕಯಂತ್ರ ಕೂಡಿಸಿ ಆಕಾರ ಕಟ್ಟುವುದು. ೧೯೯೦ರ ದಶಕದ ಕೊನೆಗೆ ಇಟಲಿಯಲ್ಲೂ ಜಪಾನಿನಲ್ಲೂ ದವಡೆಗೆಂದೇ ಚಿಕ್ಕ ಸಿ.ಟಿ. ಯಂತ್ರಗಳು ಬಂದವು. ಕೋನ್ ಬೀಮ್ ಎಂಬ ಹೆಸರಿನ ಇವು ಈಗ ನಮ್ಮ ದೊಡ್ಡ ಊರುಗಳ ಬೀದಿಬೀದಿಯ ಸ್ಕ್ಯಾನ್ ಸೆಂಟರುಗಳಲ್ಲಿವೆ.

ಇವು ಬಂದದ್ದು ಒಳ್ಳೆಯದೇ. ಬೇರು ಸವೆಯುತ್ತಿದೆಯೆಂಬ ಅನುಮಾನವಿದ್ದಾಗ, ನರಕ್ಕೆ ಬೇರು ಅಂಟಿಕೊಂಡಂತೆ ತೋರಿದಾಗ ಕೋನ್ ಬೀಮ್ ಹೇಳುವಷ್ಟನ್ನು ಎರಡು ಫಿಲ್ಮುಗಳು ಹೇಳಲಾರವು. ಆದರೆ ಲೆಕ್ಕವೊಂದನ್ನು ಮನೆಯವರು ತಿಳಿದಿರಬೇಕು. ಹಲ್ಲಿನ ಒಂದು ಚಿಕ್ಕ ಚಿತ್ರಕ್ಕೆ ತಗಲುವ ವಿಕಿರಣ ಕೆಲವೇ ಮೈಕ್ರೋಸೀವರ್ಟ್. ಕೋನ್ ಬೀಮಿಗೆ ಯಂತ್ರ, ಚಿತ್ರದ ವಿಸ್ತಾರಗಳನ್ನು ನೋಡಿಕೊಂಡು ಕೆಲವು ಹತ್ತರಿಂದ ಕೆಲವು ನೂರರವರೆಗೆ. ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷವೊಂದಕ್ಕೆ ಸರಾಸರಿ ೨೪೦೦ರಷ್ಟು ಹೇಗೂ ಬರುತ್ತದೆ. ಆದ್ದರಿಂದ ಹೆದರಿ ಓಡುವ ಕಾರಣವಿಲ್ಲ. ಹಾಗೆಂದು ಬೆಳೆಯುವ ಮಗುವಿಗೆ ಅಗತ್ಯವಿಲ್ಲದ ಒಂದು ಮೈಕ್ರೋಸೀವರ್ಟೂ ಬೇಡ. ಮುಂದೋ ಹಿಂದೋ ಎಂಬಷ್ಟೇ ಪ್ರಶ್ನೆಯಿದ್ದಾಗ ನೇರವಾಗಿ ಸ್ಕ್ಯಾನಿಗೆ ಚೀಟಿ ಬರೆಯುವುದು ಈಗ ರೂಢಿಯಾಗುತ್ತಿದೆ. ಟ್ಯೂಬನ್ನು ಒಂದು ಗೇಣು ಸರಿಸಿ ಇನ್ನೊಂದು ಚಿತ್ರ ತೆಗೆದರೆ ಸಾಲದೇ ಎಂದು ವೈದ್ಯರನ್ನು ವಿನಯದಿಂದ ಕೇಳಲು ಸಂಕೋಚಪಡಬೇಕಾಗಿಲ್ಲ. ಸಾಲದಿದ್ದರೆ ಏಕೆಂದು ಒಳ್ಳೆಯ ವೈದ್ಯರು ಹೇಳುತ್ತಾರೆ. ಹಿಂದೆ ತೆಗೆಸಿದ ಚಿತ್ರಗಳನ್ನು ಜತೆಗೆ ಒಯ್ದರೆ ಇನ್ನೂ ಉತ್ತಮ. ಬೇರೆ ಬೇರೆ ಓರೆಯಿಂದ ತೆಗೆದ ಎರಡು ಹಳೆಯ ಚಿತ್ರಗಳೇ ಎಷ್ಟೋ ಸಲ ಉತ್ತರವನ್ನು ಹಿಡಿದುಕೊಂಡಿರುತ್ತವೆ.

ಬದಿ ತಿಳಿದ ಮೇಲೆ ನಡೆಯುವ ಕೆಲಸ ನೋಡಲು ಸೋಜಿಗದ್ದು. ಮಗುವಿನ ಅಂಗುಳದಲ್ಲಿ ಚಿಕ್ಕ ಕಿಟಕಿಯಷ್ಟು ಚರ್ಮವನ್ನು ಬಿಡಿಸಿ, ಎಲುಬಿನ ತೆಳುಪದರವನ್ನು ತೆಗೆದು, ಬೆಳ್ಳಗೆ ಕಾಣುವ ಹಲ್ಲಿನ ಮೈಗೆ ಗುಂಡಿಯಂಥದೊಂದನ್ನು ಅಂಟಿಸುತ್ತಾರೆ. ಅದಕ್ಕೆ ಸಣ್ಣ ಸರಪಳಿ ಕಟ್ಟಿ, ಮುಂದಿನ ಹಲ್ಲುಗಳ ಮೇಲೆ ಕೂರಿಸಿದ ತಂತಿಗೆ ಜೋಡಿಸುತ್ತಾರೆ. ಎಳೆತ ತೀರ ಹಗುರ. ತಿಂಗಳಿಗೊಮ್ಮೆ ಹೋಗಿ ಸರಪಳಿಯನ್ನು ಬಿಗಿ ಮಾಡಿಸಿಕೊಂಡು ಬರಬೇಕು. ಹಲ್ಲು ತನ್ನ ಸಾಲಿಗೆ ಬಂದು ನಿಲ್ಲಲು ಒಂದು ವರ್ಷ, ಕೆಲವರಿಗೆ ಎರಡು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಕಡಲೆಯನ್ನು ಇನ್ನೊಂದು ದವಡೆಯಲ್ಲಿ ಅಗಿಯಬೇಕು.